ಮೊದಲು ನೀರು ಸಾಕಿ, ಮೀನು ಆಮೇಲೆ

1846ರ ಲಂಡನ್. ವೆಸ್ಟ್‌ಮಿನ್‌ಸ್ಟರ್ ಅಬೆಯ ಮಗ್ಗುಲಲ್ಲಿದ್ದ ಪಾದ್ರಿಯೊಬ್ಬರ ಮನೆಯಲ್ಲಿ ಕೆಲಸದ ಹೆಂಗಸೊಬ್ಬಳು ತೆರೆದ ಕಿಟಕಿಯ ಮುಂದೆ ನಿಂತು, ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸಮುದ್ರದ ನೀರನ್ನು ಎತ್ತಿ ಎತ್ತಿ ಹೊಯ್ಯುತ್ತಿದ್ದಳು. ನಮ್ಮ ಬಸ್‌ಸ್ಟ್ಯಾಂಡಿನ ಅಂಗಡಿಯವನು ಚಹಾ ಹೊಯ್ಯುತ್ತಾನಲ್ಲ, ಹೆಚ್ಚುಕಡಿಮೆ ಹಾಗೆ. ಅರ್ಧ ಗಂಟೆ, ಕೆಲವು ದಿನ ಮುಕ್ಕಾಲು ಗಂಟೆ. ಗಾಳಿ ಬೆರೆತ ಆ ನೀರಿಗಾಗಿ ಕಾಯುತ್ತಿದ್ದವು ಹವಳದ ಜೀವಿಗಳು. ಮನೆಯೊಡತಿ ಅನ್ನಾ ಥಿನ್ ಅವನ್ನು ಇಂಗ್ಲೆಂಡಿನ ದಕ್ಷಿಣ ತೀರದ ಟಾರ್ಕೀ ಎಂಬ ಊರಿನಿಂದ, ಸೂಜಿದಾರದಲ್ಲಿ ಸ್ಪಂಜಿಗೆ ಹೊಲಿದು, ಜಾಡಿಯಲ್ಲಿಟ್ಟು ತಂದಿದ್ದಳು. ಪಂಪಿಲ್ಲ, ಕರೆಂಟಿಲ್ಲ, ಹೀಗೆ ಮಾಡಿ ಹಾಗೆ ಮಾಡಿ ಎನ್ನುವ ಪುಸ್ತಕವೂ ಇಲ್ಲ. ಆದರೂ ಹವಳಗಳು ಸುಮಾರು ಮೂರು ವರ್ಷ ಬದುಕಿದವು.

ಅದಾದ ಏಳೇ ವರ್ಷಕ್ಕೆ, 1853ರಲ್ಲಿ, ಲಂಡನ್ ಮೃಗಾಲಯ ಸಾರ್ವಜನಿಕರಿಗೆ ಮೀನಿನ ಮನೆಯೊಂದನ್ನು ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಬರೆದ ‘ದಿ ಅಕ್ವೇರಿಯಂ’ ಪುಸ್ತಕ ಬಂತು. ಮಧ್ಯಮ ವರ್ಗದ ಮನೆಮನೆಗೂ ಗಾಜಿನ ತೊಟ್ಟಿಯ ಹುಚ್ಚು ಹತ್ತಿತು. ಜನ ಬುಟ್ಟಿ, ಉಳಿ, ಸುತ್ತಿಗೆ ಹಿಡಿದು ಕಡಲತೀರಕ್ಕೆ ನುಗ್ಗಿದರು. ಅರ್ಧ ಶತಮಾನದ ಬಳಿಕ, 1907ರಲ್ಲಿ, ಗಾಸನ ಮಗ ಎಡ್ಮಂಡ್ ತನ್ನ ಆತ್ಮಕಥೆಯಲ್ಲಿ, ತಾನು ಚಿಕ್ಕಂದಿನಲ್ಲಿ ಕಂಡಿದ್ದ ಬಂಡೆಗುಂಡಿಗಳ ಲೋಕ ಸಂಗ್ರಹಕಾರರ ಕೈಯಲ್ಲಿ ಹಾಳಾಯಿತೆಂದು ನೊಂದು ಬರೆದ. ಹುಚ್ಚು ಹಚ್ಚಿದ್ದು ಅವನ ಅಪ್ಪನೇ.

ಮನೆಯಲ್ಲೊಂದು ಹವಳದ ತೊಟ್ಟಿ ಕಟ್ಟುವ ಹವ್ಯಾಸಕ್ಕೆ ಹುಟ್ಟಿನಿಂದಲೇ ಅಂಟಿಕೊಂಡು ಬಂದ ಎರಡು ಆಸ್ತಿ ಇವು: ಕಿಟಕಿಯ ಮುಂದಿನ ಆ ದುಡಿಮೆ ಒಂದು, ಬರಿದಾದ ಆ ಬಂಡೆಗುಂಡಿ ಇನ್ನೊಂದು. ಈಗ ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಹಾಲಿನಲ್ಲೂ ನೀಲಿ ಬೆಳಕಿನ ರೀಫ್ ಟ್ಯಾಂಕುಗಳು ಹೊಳೆಯುತ್ತಿವೆ. ಹೊಸದಾಗಿ ಶುರುಮಾಡುವವರಿಗೆ ಅಂಗಡಿಯಲ್ಲಿ ಹೇಳುವ ಮಾತುಗಳಲ್ಲಿ ಈ ಎರಡರ ಸುದ್ದಿಯೂ ಕಡಿಮೆ. ಟ್ಯಾಂಕು, ಸ್ಟ್ಯಾಂಡು, ಲೈಟು, ಉಪ್ಪಿನ ಚೀಲ, ಜೊತೆಗೆ ನಾಲ್ಕು ಮೀನು, ಎಲ್ಲ ಒಂದೇ ಬಿಲ್ಲಿನಲ್ಲಿ ಒಂದೇ ಭಾನುವಾರ ಮನೆ ಸೇರುತ್ತವೆ. ಗುರುವಾರದ ಹೊತ್ತಿಗೆ ಮೀನು ಮೇಲಕ್ಕೆ ಬಂದು ಬಾಯಿ ಬಾಯಿ ಬಿಡುತ್ತದೆ. ಶನಿವಾರ ಅದೇ ಅಂಗಡಿಯಿಂದ ಮತ್ತೆ ನಾಲ್ಕು.

ಇದನ್ನು ದುರದೃಷ್ಟ ಎನ್ನುವವರಿದ್ದಾರೆ. ಇದರಲ್ಲಿ ಅದೃಷ್ಟದ ಪಾತ್ರವೇ ಇಲ್ಲ; ಶುದ್ಧ ರಸಾಯನಶಾಸ್ತ್ರ. ಮೀನು ಉಸಿರಾಡಿದರೂ ಹೇತರೂ ನೀರಿಗೆ ಸೇರುವುದು ಅಮೋನಿಯಾ. ಕಡಲಿನಲ್ಲಿ ಅದು ಲೆಕ್ಕಕ್ಕಿಲ್ಲ, ಗಾಜಿನ ಪೆಟ್ಟಿಗೆಯಲ್ಲಿ ಅದೇ ವಿಷ. ಬಂಡೆ, ಮರಳು, ಗಾಜು ಎಲ್ಲೆಲ್ಲೂ ಅಂಟಿಕೊಂಡು ಬೆಳೆಯುವ ಒಂದು ಬಗೆಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ತಿಂದು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆಯದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟ್ ಸ್ವಲ್ಪವಿದ್ದರೆ ಮೀನಿಗೆ ತೊಂದರೆಯಿಲ್ಲ. ಆದರೆ ಈ ಎರಡೂ ಪಡೆ ಹೊಸ ಟ್ಯಾಂಕಿನಲ್ಲಿ ಇರುವುದಿಲ್ಲ. ಅವು ಬೆಳೆದು ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಸಿಹಿನೀರಿನ ಗೋಲ್ಡ್‌ಫಿಶ್ ಸಾಕಿ ಪಳಗಿದವರೂ ಇಲ್ಲಿ ಮುಗ್ಗರಿಸುತ್ತಾರೆ. ಸಮುದ್ರದ ನೀರಿನ ಪಿಎಚ್ 8.1ರ ಆಸುಪಾಸಿನಲ್ಲಿರುತ್ತದೆ, ಪಿಎಚ್ ಏರಿದಷ್ಟೂ ಅಮೋನಿಯಾದ ಹೆಚ್ಚಿನ ಪಾಲು ವಿಷದ ರೂಪಕ್ಕೆ ತಿರುಗುತ್ತದೆ. ಸಿಹಿನೀರಿನಲ್ಲಿ ದಕ್ಕುತ್ತಿದ್ದ ತಪ್ಪು ಉಪ್ಪುನೀರಿನಲ್ಲಿ ದಕ್ಕುವುದಿಲ್ಲ.

ಹಾಗಾಗಿ ಮೊದಲ ಒಂದೂವರೆ ತಿಂಗಳು ಸಾಕಬೇಕಾದ್ದು ನೀರನ್ನು. ಉಪ್ಪುನೀರು, ಒಣ ಬಂಡೆ, ಮರಳು, ಓಡುತ್ತಿರುವ ಪಂಪು, ಒಳಗೆ ಸಿಪ್ಪೆ ಸುಲಿದ ಸಿಗಡಿಯ ಒಂದು ತುಂಡು. ಅಷ್ಟೇ. ಸಿಗಡಿ ಕೊಳೆತು ಅಮೋನಿಯಾ ಹುಟ್ಟುತ್ತದೆ, ಬ್ಯಾಕ್ಟೀರಿಯಾಗೆ ಅದೇ ಊಟ. ಕೊಳೆತ ಸಿಗಡಿಯ ವಾಸನೆ ಒಗ್ಗದ ಮನೆಯವರು ಬಾಟಲಿಯಲ್ಲಿ ಸಿಗುವ ಅಮೋನಿಯಾ ಹನಿ ಹಾಕಬಹುದು; ಬಾಟಲಿ ಬ್ಯಾಕ್ಟೀರಿಯಾ ಸೇರಿಸಿದರೆ ಕೆಲಸ ಬೇಗ ಆದೀತು. ಎರಡು ಮೂರು ದಿನಕ್ಕೊಮ್ಮೆ ಗಾಜಿನ ಸಣ್ಣ ಶೀಶೆಗೆ 5 ಮಿಲಿಲೀಟರ್ ನೀರು ತೆಗೆದು, ಪರೀಕ್ಷೆಯ ದ್ರಾವಣ ಹನಿ ಹಾಕಿ, ಅಲುಗಿಸಿ, ಐದು ನಿಮಿಷ ಬಿಟ್ಟು ಬೆಳಕಿಗೆ ಹಿಡಿಯಬೇಕು. ಮೊದಲ ವಾರ ಶೀಶೆ ಹಸಿರು. ಎರಡನೇ ವಾರ ಇನ್ನೂ ದಟ್ಟ ಹಸಿರು. ಆಮೇಲೊಂದು ದಿನ ಅದು ತಿಳಿಯಾಗುತ್ತ ಬಂದು ನಿಂಬೆಹಳದಿಯಲ್ಲಿ ನಿಲ್ಲುತ್ತದೆ. ಅಮೋನಿಯಾ ಸೊನ್ನೆ. ನೈಟ್ರೈಟೂ ಹೀಗೆಯೇ ಏರಿ ಇಳಿದು ಸೊನ್ನೆಗೆ ಬರುವ ತನಕ ಮೀನಿನ ಮಾತೆತ್ತಬಾರದು. ಮನೆಗೆ ಬಂದ ನೆಂಟರು ‘ಬರೀ ನೀರಿಗೆ ಇಷ್ಟೊಂದು ಲೈಟಾ’ ಎಂದು ಕೇಳಿಯೇ ಕೇಳುತ್ತಾರೆ. ಕೇಳಲಿ.

ಇನ್ನು ನೀರು ಎಂದರೆ ಯಾವ ನೀರು? ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಲವಣ. 200 ಲೀಟರಿನ ಟ್ಯಾಂಕಿಗೆ 7 ಕೆ.ಜಿ. ಉಪ್ಪು. ಅದಕ್ಕೆ ಕಡಲ ಉಪ್ಪೇ ಆಗುವುದಿಲ್ಲವೇ ಎನ್ನುವ ಪ್ರಶ್ನೆ ಉತ್ತರ ಕನ್ನಡದವರ ಬಾಯಿಗೆ ಮೊದಲು ಬರುತ್ತದೆ. ಗೋಕರ್ಣದ ಹತ್ತಿರ ಸಾಣಿಕಟ್ಟೆಯ ಗದ್ದೆಗಳಲ್ಲಿ ರಾಶಿ ಬೀಳುವುದು ಸಮುದ್ರದಿಂದಲೇ ಬಂದ ಉಪ್ಪು ತಾನೇ? ಹೌದು, ಆದರೆ ಅದು ಸಮುದ್ರದ ಒಂದು ಪಾಲು ಮಾತ್ರ. ಉಪ್ಪಿನ ಗದ್ದೆಯ ನೀರು ಬಿಸಿಲಿಗೆ ಇಂಗುತ್ತ ಹೋದಂತೆ ಮೊದಲು ತಳ ಸೇರುವುದು ಕ್ಯಾಲ್ಸಿಯಂ, ಸುಣ್ಣವಾಗಿ, ಜಿಪ್ಸಂ ಆಗಿ. ಆಮೇಲೆ ಹರಳುಗಟ್ಟುವುದು ನಾವು ಅಡುಗೆಗೆ ಹಾಕುವ ಉಪ್ಪು. ಮೆಗ್ನೀಸಿಯಂ ಕೊನೆಗೆ ಉಳಿಯುವ ಕಹಿನೀರಿನಲ್ಲಿ ಹೊರಟುಹೋಗುತ್ತದೆ. ಹವಳ ತನ್ನ ಮೂಳೆ ಕಟ್ಟಲು ಕೇಳುವುದು ಕ್ಯಾಲ್ಸಿಯಂ. ಆ ಕ್ಯಾಲ್ಸಿಯಂ ನೀರಿನಲ್ಲೇ ಕರಗಿ ನಿಲ್ಲಲು ನೆರವಾಗುವುದು ಮೆಗ್ನೀಸಿಯಂ. ಉಪ್ಪಿನ ಹರಳನ್ನು ಮತ್ತೆ ನೀರಿಗೆ ಹಾಕಿದರೆ ಉಪ್ಪುನೀರಾಗುತ್ತದೆ, ಸಮುದ್ರವಾಗುವುದಿಲ್ಲ. ಅಕ್ವೇರಿಯಂಗೆಂದೇ ಮಾರುವ ಉಪ್ಪಿನ ಚೀಲ ಅಷ್ಟು ದುಬಾರಿಯಾಗುವುದು ಇದಕ್ಕೇ.

ಹಾಗಾದರೆ ಮಂಗಳೂರಿನವರು ಪಣಂಬೂರಿಗೆ ಕ್ಯಾನು ಹಿಡಿದು ಹೋಗಬಹುದಲ್ಲ? ದಡದ ನೀರಿನಲ್ಲಿ ದೋಣಿಗಳ ಎಣ್ಣೆಯೂ ಊರಿನ ಕೊಳಚೆಯೂ ಬೆರೆತಿರುತ್ತವೆ. ಮಳೆಗಾಲದಲ್ಲಿ ನೇತ್ರಾವತಿ, ಶರಾವತಿ, ಕಾಳಿ ಕೆಂಪಗೆ ಹರಿದು ಸೇರುವಾಗ ದಡದ ಉಪ್ಪಿನಂಶವೇ ಕುಸಿದಿರುತ್ತದೆ. ದೂರದ ಕಡಲಿನಿಂದ ಬೇಸಿಗೆಯಲ್ಲಿ ತಂದು, ಅಳೆದು, ಶೋಧಿಸಿ ಬಳಸುವವರಿಲ್ಲವೆಂದಲ್ಲ. ಮೊದಲ ಸಲದವರಿಗೆ ಅದು ಬೇಡ. ಬೆಂಗಳೂರಿನಲ್ಲಂತೂ ಉಪ್ಪು ಬೆರೆಸಲು ಕಾವೇರಿಯಾಗಲಿ ಬೋರ್‌ವೆಲ್ಲಾಗಲಿ ನೇರವಾಗಿ ಆಗುವುದಿಲ್ಲ. ಆರ್‌ಒ ಜೊತೆಗೆ ಡಿಐ ಎಂಬ ಇನ್ನೊಂದು ಶೋಧಕ ದಾಟಿ ಕರಗಿದ ಲವಣದ ಲೆಕ್ಕವಾದ ಟಿಡಿಎಸ್ ಸೊನ್ನೆಗೆ ಇಳಿದ ನೀರೇ ಬೇಕು. ಇಲ್ಲದಿದ್ದರೆ ನೀರಿನ ಜೊತೆ ಬಂದ ಫಾಸ್ಫೇಟು, ಸಿಲಿಕಾ ಉಂಡು ಪಾಚಿ ಕೊಬ್ಬುತ್ತದೆ.

ನೀರು ಆರುತ್ತದೆ, ಉಪ್ಪು ಆರುವುದಿಲ್ಲ. ಹೇಳಿದರೆ ನಗುವಷ್ಟು ಸರಳ ಸಂಗತಿ, ಆದರೆ ಹೊಸಬರ ಟ್ಯಾಂಕುಗಳಲ್ಲಿ ಎಷ್ಟೋ ಜೀವ ಹೋಗುವುದು ಇದನ್ನು ಮರೆತು. ಮಾರ್ಚಿ ತಿಂಗಳ ಒಣ ಗಾಳಿಗೆ ಟ್ಯಾಂಕಿನಿಂದ ದಿನಕ್ಕೆ ಒಂದೆರಡು ಲೀಟರ್ ಆರಿಹೋದರೆ ಉಳಿದದ್ದು ಅಷ್ಟು ಗಟ್ಟಿ ಉಪ್ಪುನೀರು. ಅದಕ್ಕೆ ಮತ್ತೆ ಉಪ್ಪುನೀರೇ ಸುರಿದರೆ ವಾರದಲ್ಲಿ ಟ್ಯಾಂಕು ಉಪ್ಪಿನಕಾಯಿ ಭರಣಿ. ಆರಿದ್ದಕ್ಕೆ ಸಿಹಿನೀರು, ಬದಲಿಸಿದ್ದಕ್ಕೆ ಉಪ್ಪುನೀರು. ಇದೇ ಕಾರಣಕ್ಕೆ ‘ಚಿಕ್ಕದರಲ್ಲಿ ಶುರುಮಾಡೋಣ’ ಎನ್ನುವ ಜಾಣತನ ಇಲ್ಲಿ ತಿರುಗುಮುರುಗು. ಮೇಜಿನ ಮೇಲಿನ 20 ಲೀಟರಿನ ಗಾಜಿನ ಡಬ್ಬಿಯಲ್ಲಿ ಒಂದು ಲೀಟರ್ ಆರಿದರೆ ಎಲ್ಲ ಲೆಕ್ಕವೂ ಅಲುಗಾಡುತ್ತದೆ. 150–200 ಲೀಟರಿನಲ್ಲಿ ತಪ್ಪಿಗೆ ತುಸು ಜಾಗವಿದೆ. ಹಾಗಂತ ಅದನ್ನು ಎಲ್ಲೆಂದರಲ್ಲಿ ಇಡಲಾಗದು. ನೀರು, ಬಂಡೆ, ಮರಳು, ಗಾಜು, ಸ್ಟ್ಯಾಂಡು ಸೇರಿ 300 ಕೆ.ಜಿ. ಮುಟ್ಟುವ ವಸ್ತು ಅದು. ಈಶಾನ್ಯದಲ್ಲಿಡಬೇಕೆಂದು ವಾಸ್ತುವಿನವರು ಹೇಳಬಹುದು. ಸ್ಟ್ಯಾಂಡಿನ ಅಡಿಯಲ್ಲಿ ತೊಲೆ ಇದೆಯೇ, ಪಡುವಣದ ಕಿಟಕಿಯ ಬಿಸಿಲು ನೇರ ಬೀಳುತ್ತದೆಯೇ ಎಂದು ಮೊದಲು ನೋಡಿಕೊಂಡವರ ಮನೆಯಲ್ಲಿ ಶಾಂತಿ ಹೆಚ್ಚು.

ಅನ್ನಾ ಥಿನ್ ಮನೆಯ ಹೆಂಗಸಿನ ಕೆಲಸವನ್ನು ಈಗ ಯಂತ್ರಗಳು ಹಂಚಿಕೊಂಡಿವೆ. ಅಲೆಯ ಪಂಪು ನೀರನ್ನು ಕದಡುತ್ತದೆ. ಸ್ಕಿಮ್ಮರ್ ಎಂಬುದು ಸಣ್ಣ ಗುಳ್ಳೆಗಳನ್ನು ಉಕ್ಕಿಸಿ, ಅವಕ್ಕೆ ಅಂಟಿದ ಕೊಳೆಯನ್ನು ಮೇಲಿನ ಬಟ್ಟಲಿಗೆ ನೂಕುತ್ತದೆ. ಅಲೆ ಬಡಿದ ಬಂಡೆಯ ಮೇಲೆ ಕಟ್ಟುವ ನೊರೆಯದೇ ಕೆಲಸ. ವಾರಕ್ಕೊಮ್ಮೆ ಆ ಬಟ್ಟಲು ತೊಳೆಯಬೇಕು. ಒಳಗಿರುವುದು ಕಷಾಯದ ಬಣ್ಣದ ಗಸಿ, ಮೂಗು ಮುಚ್ಚಿಕೊಳ್ಳದೆ ವಿಧಿಯಿಲ್ಲ. ದೊಡ್ಡ ಯಂತ್ರಗಳಿಲ್ಲದೆಯೂ ಆಗುತ್ತದೆ ಎಂದು ತೋರಿಸಿದವರಿದ್ದಾರೆ. 1961ರಲ್ಲಿ ಜಕಾರ್ತದ ಲೀ ಚಿನ್ ಎಂಗ್, ಕಡಲಿನಿಂದ ತಂದ ಜೀವಂತ ಬಂಡೆ ಮತ್ತು ಗಾಳಿಗುಳ್ಳೆ ಇಷ್ಟರಲ್ಲೇ ಹವಳ ಸಾಕಿದ್ದನ್ನು ಪತ್ರಿಕೆಯೊಂದಕ್ಕೆ ಬರೆದು ಜಗತ್ತಿನ ಹವ್ಯಾಸಿಗಳನ್ನು ಚಕಿತಗೊಳಿಸಿದ. ಆದರೆ ಅವನ ಮನೆಗೆ ಕಡಲು ಹತ್ತಿರವಿತ್ತು. ಬಳ್ಳಾರಿಗಾಗಲಿ ಬೆಂಗಳೂರಿಗಾಗಲಿ ಇಲ್ಲ.

ಪರದೇಶದ ಕೈಪಿಡಿಗಳಲ್ಲಿ ಸಿಗದ, ನಮ್ಮ ಮನೆಗಳದ್ದೇ ಆದ ಅಪಾಯಗಳು ಕೆಲವಿವೆ. ಆರೋಗ್ಯಕ್ಕೆ ಒಳ್ಳೆಯದೆಂದು ತಾಮ್ರದ ಕೊಡದಲ್ಲಿ ತುಂಬಿಟ್ಟ ನೀರನ್ನು ಮನೆಯ ಹಿರಿಯರು ಪ್ರೀತಿಯಿಂದ ಟ್ಯಾಂಕಿಗೆ ಸುರಿದರೆ ಸಿಗಡಿ, ಬಸವನಹುಳು, ಹವಳ ಎಲ್ಲಕ್ಕೂ ಅಪಾಯ. ಬೆನ್ನೆಲುಬಿಲ್ಲದ ಕಡಲ ಜೀವಿಗಳಿಗೆ ತೀರಾ ಅಲ್ಪ ತಾಮ್ರವೂ ಮಾರಕ. ಸಂಜೆಯಾದರೆ ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಸೊಳ್ಳೆ ದ್ರಾವಣ, ಜಿರಳೆಗೆ ಹೊಡೆಯುವ ಸ್ಪ್ರೇ ಇನ್ನೂ ಕೆಟ್ಟದ್ದು: ಅವುಗಳಲ್ಲಿರುವ ಪೈರೆಥ್ರಾಯ್ಡ್ ಜಾತಿಯ ಕೀಟನಾಶಕ ಮನುಷ್ಯನನ್ನು ಬಿಟ್ಟರೂ ಮೀನು, ಸಿಗಡಿಗಳನ್ನು ಬಿಡದು. ಟ್ಯಾಂಕಿರುವ ಕೋಣೆಗೆ ಸೊಳ್ಳೆಪರದೆಯೇ ಮೇಲು. ಮತ್ತೆ ಕರೆಂಟು. ಪಂಪು ನಿಂತರೆ ನೀರಿನ ಆಮ್ಲಜನಕ ಗಂಟೆಗಳಲ್ಲಿ ಇಳಿಯುತ್ತದೆ. ಟಿವಿಗೆ ಯುಪಿಎಸ್ ಕೊಟ್ಟು ಟ್ಯಾಂಕನ್ನು ಬಿಟ್ಟ ಮನೆಯಲ್ಲಿ ಒಂದು ರಾತ್ರಿಯ ಮಳೆ-ಗಾಳಿಗೆ ಕಂಬ ಉರುಳಿದರೆ ಕತೆ ಮುಗಿಯಿತು.

ಬಿಸಿಲಿನ ವಿಷಯದಲ್ಲಿ ಮಂಗಳೂರು, ಬೆಂಗಳೂರು ಎರಡು ಬೇರೆ ದೇಶ. ಹವಳಕ್ಕೆ 25–26 ಡಿಗ್ರಿ ಹಿತ. ಬೆಂಗಳೂರಿನ ಒಣ ಹವೆಯಲ್ಲಿ ನೀರಿನ ಮೇಲೊಂದು ಪುಟ್ಟ ಫ್ಯಾನ್ ಬೀಸಿದರೆ ನೀರು ಆರಿ ಒಂದೆರಡು ಡಿಗ್ರಿ ತಂಪಾಗುತ್ತದೆ, ಮಣ್ಣಿನ ಹೂಜಿ ತಣ್ಣಗಾಗುವ ಹಾಗೆ. ಕರಾವಳಿಯಲ್ಲಿ ಹೂಜಿಯೂ ಅಷ್ಟು ತಣ್ಣಗಾಗುವುದಿಲ್ಲ, ಫ್ಯಾನೂ ಕೈಕೊಡುತ್ತದೆ; ಗಾಳಿಯಲ್ಲೇ ನೀರು ತುಂಬಿರುತ್ತದೆ. ಅಲ್ಲಿ ನೀರನ್ನು ತಂಪಾಗಿಸುವ ಯಂತ್ರ, ಚಿಲ್ಲರ್, ಬೇಕು. ಚಿಲ್ಲರಿನ ಬೆಲೆಯೂ ಅದರ ಕರೆಂಟ್ ಬಿಲ್ಲೂ ಸೇರಿಸಿಕೊಂಡು ಲೆಕ್ಕ ಹಾಕಿದರೆ ಇಡೀ ಹವ್ಯಾಸದಲ್ಲಿ ಅಗ್ಗವಾದ ವಸ್ತು ಗಾಜಿನ ಪೆಟ್ಟಿಗೆಯೇ. ಕಡಲಿನಲ್ಲೂ ಡಿಗ್ರಿಯ ಲೆಕ್ಕ ಇಷ್ಟೇ ಬಿಗಿ. ಸಾಮಾನ್ಯ ಬೇಸಿಗೆಯ ಗರಿಷ್ಠಕ್ಕಿಂತ ಒಂದೇ ಡಿಗ್ರಿ ಮೇಲೇರಿ ಕೆಲವು ವಾರ ನಿಂತರೆ ಹವಳ ತನ್ನ ಮೈಯೊಳಗಿನ ಪಾಚಿಯನ್ನು ಹೊರದೂಡಿ ಬಿಳುಚಿಕೊಳ್ಳುತ್ತದೆ. ಆ ಪಾಚಿಯೇ ಬೆಳಕಿನಲ್ಲಿ ಸಕ್ಕರೆ ಮಾಡಿ ಅದಕ್ಕೆ ಉಣಿಸುವುದು. 2024ರ ಬೇಸಿಗೆಯಲ್ಲಿ ಲಕ್ಷದ್ವೀಪದ ಹವಳಗಳು ಹೀಗೆ ದೊಡ್ಡ ಪ್ರಮಾಣದಲ್ಲಿ ಬಿಳುಚಿಕೊಂಡಿದ್ದನ್ನು ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ, ಸಿಎಂಎಫ್‌ಆರ್‌ಐ, ವರದಿ ಮಾಡಿತು.

ಇಲ್ಲಿಗೆ ಬಂದಾಗ ಕೆಲವರು ಕೇಳುತ್ತಾರೆ, ಕಡಲಿನಲ್ಲೇ ಹವಳ ಸಾಯುತ್ತಿರುವಾಗ ಮನೆಯಲ್ಲಿ ಅದನ್ನಿಟ್ಟು ಮಜಾ ನೋಡುವುದು ಸರಿಯೇ ಎಂದು. ಸರಿಯಾದ ಪ್ರಶ್ನೆ. ಉತ್ತರ ಅದು ಎಲ್ಲಿ ಹುಟ್ಟಿತು ಎನ್ನುವುದರ ಮೇಲಿದೆ.

ಕಡಲಿನಿಂದ ಹಿಡಿದು ತಂದ ಮೀನಿನ ಹಿಂದೆ ಕೆಟ್ಟ ಚರಿತ್ರೆಯಿದೆ. 1960ರ ದಶಕದಲ್ಲಿ ಫಿಲಿಪೀನ್ಸಿನಲ್ಲಿ ಶುರುವಾದ ಪದ್ಧತಿಯಲ್ಲಿ, ಮುಳುಗುಗಾರರು ಹವಳದ ಸಂದಿಗೆ ಸೋಡಿಯಂ ಸಯನೈಡ್ ಚಿಮುಕಿಸಿ, ಮಂಪರು ಬಂದ ಮೀನನ್ನು ಬಲೆಗೆ ತುಂಬಿಕೊಳ್ಳುತ್ತಿದ್ದರು. ಸುತ್ತಲಿನ ಹವಳ ಅಲ್ಲೇ ಸಾಯುತ್ತಿತ್ತು. ಬಲೆಯ ಮೀನು ಕೆಲವು ವಾರದ ಮೇಲೆ ಯಾರದೋ ಹಾಲಿನಲ್ಲಿ. ಇಂಡೊನೇಷ್ಯಾದ ಬಂಗ್ಗಾಯ್ ದ್ವೀಪಗಳ ಕಾರ್ಡಿನಲ್ ಮೀನಿನ ಕತೆ ಇನ್ನೂ ನೋವಿನದು. ಕಪ್ಪು ಪಟ್ಟೆ, ಬಿಳಿ ಚುಕ್ಕೆಯ ಈ ಬೆಳ್ಳಿಮೀನನ್ನು ವಿಜ್ಞಾನಿಗಳು ಹೆಸರಿಸಿದ್ದು 1933ರಲ್ಲಿ, ಮತ್ತೆ ಕಂಡದ್ದು 1990ರ ದಶಕದಲ್ಲಿ. ಅಕ್ವೇರಿಯಂ ವ್ಯಾಪಾರ ಅದರ ಮೇಲೆ ಎಷ್ಟು ಮುಗಿಬಿತ್ತೆಂದರೆ 2007ರಲ್ಲಿ ಅದು ಅಳಿವಿನಂಚಿನ ಕೆಂಪು ಪಟ್ಟಿ ಸೇರಿತು. ವಿಚಿತ್ರವೆಂದರೆ ಮನೆಯ ಟ್ಯಾಂಕಿನಲ್ಲೇ ಮರಿಮಾಡಲು ಸುಲಭವಾದ ಕಡಲ ಮೀನುಗಳಲ್ಲಿ ಅದೂ ಒಂದು. ಗಂಡು ಮೊಟ್ಟೆಗಳನ್ನು ಬಾಯಲ್ಲಿಟ್ಟುಕೊಂಡು ಉಪವಾಸ ಕಾಯುತ್ತದೆ. ಅವಸರದ ಕೈಗಳು ಅಷ್ಟು ಕಾಯಲಿಲ್ಲ.

ಬೇರೆ ದಾರಿ ಈಗ ಸಾಕಷ್ಟಿದೆ. ಕೋಡಂಗಿ ಮೀನು, ಅಂದರೆ 2003ರ ಸಿನಿಮಾದಿಂದ ಮಕ್ಕಳೆಲ್ಲ ‘ನೀಮೊ’ ಎಂದು ಕರೆಯುವ ಕ್ಲೌನ್‌ಫಿಶ್, ತೊಟ್ಟಿಯಲ್ಲೇ ತಲೆಮಾರುಗಟ್ಟಲೆ ಹುಟ್ಟಿ ಬೆಳೆಯುತ್ತಿದೆ. ಅದನ್ನು ಮರಿಮಾಡಿಸುವ ತಂತ್ರವನ್ನು ನಮ್ಮ ಸಿಎಂಎಫ್‌ಆರ್‌ಐಯೇ ರೂಪಿಸಿ ಕಲಿಸುತ್ತ ಬಂದಿದೆ. ಹವಾಯಿಯ ಹಳದಿ ಟ್ಯಾಂಗ್ ಮೀನನ್ನು 2015ರಲ್ಲಿ, ‘ಡೋರಿ’ ಎಂದು ಹೆಸರಾದ ನೀಲಿ ಟ್ಯಾಂಗನ್ನು 2016ರಲ್ಲಿ ಮೊದಲ ಬಾರಿಗೆ ಸಾಕಣೆಯಲ್ಲಿ ಮರಿಮಾಡಿಸಲಾಯಿತು. ಹವಳವೂ ಹಾಗೆಯೇ. ಅದರ ಗೆಲ್ಲೊಂದನ್ನು ಮುರಿದು ಕಲ್ಲಿಗೆ ಅಂಟಿಸಿದರೆ ಚಿಗುರುತ್ತದೆ. ಅಮೆರಿಕ, ಯುರೋಪಿನ ಹವ್ಯಾಸಿಗಳು ಹವಳದ ತುಂಡುಗಳನ್ನು, ನಮ್ಮ ಹೆಂಗಸರು ಕಾಂಪೌಂಡಿನ ಮೇಲಿಂದ ದಾಸವಾಳದ ಗೆಲ್ಲು ಕೊಟ್ಟು ತೆಗೆದುಕೊಳ್ಳುವಂತೆ, ಹಂಚಿಕೊಳ್ಳುತ್ತಾರೆ. ಲಂಡನ್ನಿನ ಹಾರ್ನಿಮನ್ ಮ್ಯೂಸಿಯಂ ತೊಟ್ಟಿಯೊಳಗೆ ಹುಣ್ಣಿಮೆ, ಅಮಾವಾಸ್ಯೆ, ಋತುಗಳ ಬಿಸಿ-ತಂಪು ಎಲ್ಲವನ್ನೂ ದೀಪ ಮತ್ತು ಹೀಟರಿನಿಂದ ಅನುಕರಿಸಿ ಹವಳಗಳು ಮೊಟ್ಟೆ ಚೆಲ್ಲುವಂತೆ ಮಾಡಿತು. ಅಲ್ಲಿ ಕಲಿತದ್ದು 2019ರಲ್ಲಿ ಫ್ಲಾರಿಡಾದ ಅಕ್ವೇರಿಯಂನಲ್ಲಿ, ಅಳಿಯುತ್ತಿದ್ದ ಕಂಬಹವಳವನ್ನು ಮೊಟ್ಟೆಗೆ ತರಲು ನೆರವಾಯಿತು. ಗಾಜಿನ ತೊಟ್ಟಿಯನ್ನು ಕಡಲಿನ ಶತ್ರುವೆಂದು ಒಂದೇ ಏಟಿಗೆ ತಳ್ಳಿಹಾಕುವುದು ಅನ್ಯಾಯ.

ನಮ್ಮ ಸರ್ಕಾರ ಒಮ್ಮೆ ಹಾಗೆ ತಳ್ಳಿಹಾಕಲು ಹೋಗಿ ಕೈಸುಟ್ಟುಕೊಂಡದ್ದೂ ಉಂಟು. 2017ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಅಕ್ವೇರಿಯಂ ಅಂಗಡಿಗಳಿಗೆಂದು ತಂದ ನಿಯಮದಲ್ಲಿ 158 ಜಾತಿಗಳ ಮಾರಾಟಕ್ಕೂ ಪ್ರದರ್ಶನಕ್ಕೂ ನಿಷೇಧವಿತ್ತು, ಕ್ಲೌನ್‌ಫಿಶ್ ಕೂಡ ಸೇರಿ. ಒಂದು ಸರ್ಕಾರಿ ಸಂಸ್ಥೆ ಮರಿಮಾಡಲು ಕಲಿಸುತ್ತಿದ್ದ ಮೀನನ್ನು ಇನ್ನೊಂದು ಇಲಾಖೆ ನಿಷೇಧಿಸಿತ್ತು. ಗದ್ದಲವೆದ್ದ ಮೇಲೆ ನಿಯಮ ಹಿಂದಕ್ಕೆ ಹೋಯಿತು. ತೊಟ್ಟಿಯಲ್ಲಿ ಹುಟ್ಟಿದ್ದಕ್ಕೂ ಕಡಲಿನಿಂದ ಕಿತ್ತದ್ದಕ್ಕೂ ಗೆರೆ ಎಳೆಯುವುದೇ ಆಗಬೇಕಿದ್ದ ಕೆಲಸ. ಅಂಗಡಿಯ ಪ್ರತಿ ಬಿಲ್ಲಿನಲ್ಲೂ ಆ ಮೀನು ಹುಟ್ಟಿದ ಜಾಗ ಬರೆದಿರಬೇಕು ಎಂಬ ಒಂದೇ ಸಾಲಿನ ನಿಯಮ 158 ಹೆಸರಿನ ಪಟ್ಟಿಗಿಂತ ಹೆಚ್ಚು ಕೆಲಸ ಮಾಡೀತು.

ಹವಳದ ವಿಷಯದಲ್ಲಿ ಕಾನೂನಿನ ಗೆರೆ ಈಗಲೇ ದಪ್ಪಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿ ಹುಲಿಯಿರುವ ಕಡೆಯೇ ದಿಬ್ಬ ಕಟ್ಟುವ ಕಲ್ಲುಹವಳಗಳಿವೆ, ಕರಿಹವಳ, ಬೆಂಕಿಹವಳ, ಕಡಲ ಬೀಸಣಿಗೆಗಳಿವೆ, ಕಡಲಕುದುರೆಯೂ ಇದೆ. ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿಗೆ ಡೈವಿಂಗಿಗೆ ಹೋದವರು ಅಲ್ಲಿಂದ ‘ನೆನಪಿಗೆ’ ಒಂದು ಚೂರು ಜೇಬಿಗಿಳಿಸಿದರೆ ಅದು ಹುಲಿಯುಗುರಿನಷ್ಟೇ ಅಪರಾಧ. ಸತ್ತ ಹವಳದ ಕಲ್ಲು ತಾನೇ ಎಂಬ ವಾದ ನಡೆಯುವುದಿಲ್ಲ. ಹೊರದೇಶದ್ದೆಂದು ಹೇಳಿ ಮಾರುವ ತುಂಡಿಗೆ ಆಮದಿನ ಕಾಗದ, ವನ್ಯಜೀವಿ ವ್ಯಾಪಾರದ ಮೇಲಿನ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಅನುಮತಿ ಬೇಕು. 2022ರ ತಿದ್ದುಪಡಿಯ ನಂತರ ಆ ಒಪ್ಪಂದದ ಪಟ್ಟಿಯಲ್ಲಿರುವ ಜೀವಂತ ಪ್ರಾಣಿಗಳನ್ನು ಇಟ್ಟುಕೊಂಡವರಿಗೆ ನೋಂದಣಿಯ ಹೊಣೆಯೂ ಬಂದಿದೆ. ಕಾಗದ ಕೇಳಿದರೆ ಮುಖ ತಿರುಗಿಸುವ ಅಂಗಡಿಯ ಬಾಗಿಲು ದಾಟಿ ಹೊರಬರುವುದೇ ಸರಿ. ಇಷ್ಟೆಲ್ಲ ನೋಡಿದರೆ ಇಲ್ಲಿ ಹೊಸದಾಗಿ ಶುರುಮಾಡುವವರು ಕಲ್ಲುಹವಳದ ಆಸೆಯನ್ನೇ ಬಿಟ್ಟು, ಬಂಡೆಗೆ ಒಣಕಲ್ಲು ಅಥವಾ ಕೃತಕ ಕಲ್ಲನ್ನು ಬಳಸಿ, ಕಾಗದ ಸರಿಯಿರುವ ಅಣಬೆ ಹವಳ, ಬಟನ್ನಿನಂತೆ ಅರಳುವ ಜೋವಾಂತಿಡ್ ಇಂಥವುಗಳಲ್ಲಿ ತೃಪ್ತಿಪಡುವುದು ಒಳ್ಳೆಯದು. ಇವು ಒಂದಷ್ಟು ಏರುಪೇರು ತಡೆಯುತ್ತವೆ, ಬಣ್ಣಕ್ಕೂ ಕೊರತೆಯಿಲ್ಲ.

ಜೋವಾಂತಿಡ್‌ಗಳ ಬಗ್ಗೆ ಒಂದು ಎಚ್ಚರಿಕೆ. ಇವುಗಳ ಕೆಲವು ಜಾತಿಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ಉಗ್ರ ವಿಷವಿದೆ. ಬಂಡೆಗೆ ಹಬ್ಬಿದ್ದನ್ನು ತೆಗೆಯಲು ಕುದಿನೀರು ಸುರಿದು, ಆ ಹಬೆ ಉಸಿರಾಡಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಕರಣಗಳು ಹೊರದೇಶಗಳಲ್ಲಿ ದಾಖಲಾಗಿವೆ. ಮುಟ್ಟುವಾಗ ಕೈಗವಸು, ಕನ್ನಡಕ. ಬಂಡೆಯನ್ನು ಕುದಿಸುವುದಂತೂ ಯಾವತ್ತೂ ಬೇಡ.

ನೀರು ಹದಕ್ಕೆ ಬಂದ ಮೇಲೂ ಟ್ಯಾಂಕು ಚೆಂದ ಕಾಣುವುದಿಲ್ಲ. ಮರಳಿನ ಮೇಲೆ ಕಂದು ಪುಡಿ ಹಾಸಿಕೊಳ್ಳುತ್ತದೆ, ಅದು ಹೋದರೆ ಕೂದಲಿನಂಥ ಹಸಿರು ಪಾಚಿ, ಕೆಲವೊಮ್ಮೆ ಕೆಂಪು ಲೋಳೆ. ಹವ್ಯಾಸಿಗಳೇ ಇದನ್ನು ‘ಕುರೂಪದ ಕಾಲ’ ಎನ್ನುತ್ತಾರೆ, ತಿಂಗಳುಗಟ್ಟಲೆ ಇರಬಹುದು. ಬಿಟ್ಟುಹೋಗುವವರು ಹೆಚ್ಚಾಗಿ ಬಿಟ್ಟುಹೋಗುವುದು ಇಲ್ಲೇ, ಅಥವಾ ಬಾಟಲಿಗಟ್ಟಲೆ ಔಷಧ ಸುರಿದು ಕಷ್ಟಪಟ್ಟು ಬೆಳೆಸಿದ ಬ್ಯಾಕ್ಟೀರಿಯಾವನ್ನೂ ಕೊಂದು ಮತ್ತೆ ಮೊದಲ ಮನೆಗೆ ಬರುತ್ತಾರೆ. ನಾಲ್ಕಾರು ಬಸವನಹುಳು, ವಾರಕ್ಕೆ ಹತ್ತನೇ ಒಂದು ಪಾಲು ನೀರಿನ ಬದಲಾವಣೆ, ಕಡಿಮೆ ತಿನಿಸು ಇಷ್ಟರಲ್ಲೇ ಅದು ದಾಟುತ್ತದೆ.

ಅಂಗಡಿಯಲ್ಲಿ ಮಿನುಗುವ ಕೆಲವು ಮೀನುಗಳನ್ನು ನೋಡಿ ಅಲ್ಲೇ ಬಿಟ್ಟುಬರಬೇಕು. ನೀಲಿ ಟ್ಯಾಂಗ್ ಹೆಬ್ಬೆರಳಿನಷ್ಟಿರುವಾಗ ಮುದ್ದು; ಬೆಳೆದರೆ ಒಂದು ಅಡಿ, ಈಜಲು ಅದಕ್ಕೆ ಗಾವುದ ಬೇಕು. ನವಿಲಿನ ಬಣ್ಣದ ಮ್ಯಾಂಡರಿನ್ ಸದಾ ಕಲ್ಲಿನ ಮೇಲಿನ ಸೂಕ್ಷ್ಮ ಹುಳುಗಳನ್ನು ಹೆಕ್ಕಿ ತಿನ್ನುವಂಥದ್ದು, ಹೊಸ ಟ್ಯಾಂಕಿನಲ್ಲಿ ಮೆಲ್ಲಮೆಲ್ಲಗೆ ಹಸಿದು ಸಾಯುತ್ತದೆ. ಕ್ಲೌನ್‌ಫಿಶ್ ಜೊತೆಗೆ ಕಡಲಹೂವು, ಅಂದರೆ ಅನಿಮೋನ್, ಬೇಕೇಬೇಕೆಂದು ನೀಮೊ ಸಿನಿಮಾ ನಂಬಿಸಿದೆ. ಬೇಡ. ಹೂವಿಲ್ಲದೆ ಮೀನು ಸುಖವಾಗಿರುತ್ತದೆ. ಹೂವು ಮಾತ್ರ ಹೊಸ ಟ್ಯಾಂಕಿನಲ್ಲಿ ಜಾಗ ಹುಡುಕಿ ತೆವಳುತ್ತ ಪಂಪಿನ ಬಾಯಿಗೆ ಸಿಕ್ಕಿ ಚೂರಾಗುತ್ತದೆ, ಅದರ ವಿಷದಿಂದ ಉಳಿದವೂ ಸಾಯಬಹುದು.

ಅಂತೂ ಎರಡು ತಿಂಗಳ ಬಳಿಕ ತೊಟ್ಟಿಯಲ್ಲೇ ಹುಟ್ಟಿದ ಎರಡು ಕ್ಲೌನ್‌ಫಿಶ್ ಮರಿ ತರಬಹುದು, ಒಂದು ತುಸು ದೊಡ್ಡದು, ಇನ್ನೊಂದು ಚಿಕ್ಕದು. ಇವೆಲ್ಲ ಗಂಡಾಗಿಯೇ ಬೆಳೆಯುತ್ತವೆ, ಆಮೇಲೆ ದೊಡ್ಡದು ಹೆಣ್ಣಾಗುತ್ತದೆ. ಕೊಳ್ಳುವ ಮೊದಲು ಅಂಗಡಿಯವರಿಗೆ ಕಣ್ಣೆದುರೇ ತಿನಿಸು ಹಾಕಲು ಹೇಳಬೇಕು. ತಿನ್ನದ ಮೀನು ಎಷ್ಟು ಅಗ್ಗವಾದರೂ ಬೇಡ. ಮನೆಗೆ ತಂದ ಚೀಲವನ್ನು ಕಾಲು ಗಂಟೆ ಟ್ಯಾಂಕಿನಲ್ಲಿ ತೇಲಿಬಿಟ್ಟು ಬಿಸಿ ಸರಿಹೊಂದಿಸಿ, ಮೀನನ್ನು ಬಕೆಟ್ಟಿಗೆ ಸುರಿದು, ಸಪೂರ ಕೊಳವೆಯಲ್ಲಿ ಗಂಟು ಹಾಕಿ ಟ್ಯಾಂಕಿನ ನೀರನ್ನು ಹನಿಹನಿಯಾಗಿ ಬಿಡಬೇಕು, ಗ್ಲೂಕೋಸ್ ಡ್ರಿಪ್ಪಿನಂತೆ. ಮುಕ್ಕಾಲು ಗಂಟೆ ಹಿಡಿದೀತು. ಬಳಿಕ ಮೀನನ್ನು ಕೈಬಲೆಯಲ್ಲಿ ಎತ್ತಿ ಟ್ಯಾಂಕಿಗೆ, ಬಕೆಟ್ಟಿನ ನೀರು ಬಚ್ಚಲಿಗೆ. ಲೈಟು ಆರಿಸಿ. ಆ ಸಂಜೆ ಅವು ಪಂಪಿನ ಹಿಂದಿನ ಮೂಲೆಗೆ ಅಂಟಿಕೊಂಡು ನಿಂತಲ್ಲೇ ಓಲಾಡುತ್ತಿರುತ್ತವೆ, ಹೊರಗೆ ಬರುವುದಿಲ್ಲ, ಏನೂ ತಿನ್ನುವುದಿಲ್ಲ. ಮರುದಿನ ಬೆಳಗ್ಗೆ ಎರಡೇ ಎರಡು ಚಿಟಿಕೆ ತಿನಿಸು ಹಾಕಿ ನೋಡಬೇಕು. ಹತ್ತು ನಿಮಿಷದಲ್ಲಿ ಮುಟ್ಟದಿದ್ದರೆ ಅದನ್ನು ಬಲೆಯಲ್ಲಿ ಬಾಚಿ ತೆಗೆದು, ಶೀಶೆಗೆ ನೀರು ತುಂಬಿ ಮತ್ತೊಮ್ಮೆ ಬೆಳಕಿಗೆ ಹಿಡಿಯಬೇಕು.